ಎಕ್ಸ್‌ರೇ ಕೋಣೆಯ ಒಳಗೇ ನಿಂತವರಿಗೆ

ಮುನಿಯಪ್ಪಣ್ಣನಿಗೆ ನಿಮ್ಮ ಶಾರದಳ ನಮಸ್ಕಾರ, ಜೊತೆಗೆ ಒಂದಿಷ್ಟು ಸಿಟ್ಟು.

ಸಿಟ್ಟು ಅಂತ ಬರೆದದ್ದು ಕೈತಪ್ಪಿ ಅಲ್ಲ. ನೀವು ಹೋಗಿ ವರ್ಷ ತಿರುಗಿತು. ಕ್ಲಿನಿಕ್ಕಿನಲ್ಲಿ ಈಗಲೂ ನಿಮ್ಮ ಮಾತು ಬಂದರೆ ಆಯಾ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾಳೆ, ಡಾಕ್ಟರು ಕನ್ನಡಕ ತೆಗೆದು ಉಜ್ಜುತ್ತಾರೆ. ನಾನೂ ಅತ್ತಿದ್ದೇನೆ, ಸುಳ್ಳು ಹೇಳುವುದಿಲ್ಲ. ಆದರೆ ಅಳು ನಿಂತ ಮೇಲೆ ನನ್ನಲ್ಲಿ ಉಳಿದದ್ದು ಸಿಟ್ಟೇ. ಅದನ್ನು ಯಾರ ಹತ್ತಿರ ಹೇಳಿಕೊಳ್ಳಲಿ? ಮುನಿಯಪ್ಪಣ್ಣನ ಮೇಲೆ ಕೋಪ ಅಂದರೆ ದಾಸರಹಳ್ಳಿಯಲ್ಲಿ ನನ್ನನ್ನು ಯಾರೂ ಮನೆಯೊಳಕ್ಕೆ ಸೇರಿಸಲಾರರು. ಅದಕ್ಕೇ ನಿಮಗೇ ಬರೆಯುತ್ತಿದ್ದೇನೆ. ನೀವು ಅಕ್ಷರ ಕೂಡಿಸಿ ಕೂಡಿಸಿ ಓದುವವರು. ಹಾಗಾಗಿ ದುಂಡಗೆ, ಬಿಡಿಸಿ ಬರೆದಿದ್ದೇನೆ.

ನಾನು ಕೆಲಸಕ್ಕೆ ಸೇರಿದ ಮೊದಲ ದಿನ ನೀವು ಡಾರ್ಕ್‌ರೂಮಿನ ಬಾಗಿಲಲ್ಲಿ ಫಿಲಂ ತೊಳೆದ ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಳ್ಳುತ್ತಾ ನಿಂತಿದ್ದಿರಿ. ನಾನು ಸರ್ಕಾರಿ ಕಾರ್ಖಾನೆಯ ಟರ್ನರ್ ಮಗಳು, ಕ್ವಾರ್ಟರ್ಸಿನಲ್ಲಿ ಬೆಳೆದವಳು, ಎಕ್ಸ್‌ರೇ ಡಿಪ್ಲೊಮಾದ ಸರ್ಟಿಫಿಕೇಟನ್ನು ಎದೆಗೆ ಅವಚಿಕೊಂಡು ಬಂದಿದ್ದೆ. ನೀವು ನಾಗಸಂದ್ರದವರು. ಹೊಲ ಪೀಣ್ಯದ ಕಾರ್ಖಾನೆಗಳಿಗೆ ಹೋದ ಮೇಲೆ ಈ ಕ್ಲಿನಿಕ್ಕಿಗೆ ಕಸ ಗುಡಿಸಲು ಸೇರಿದವರು. ಮೆಷಿನ್ ಕೂರಿಸಲು ಬಂದಿದ್ದ ಕಂಪನಿಯವರ ಹಿಂದೆ ಮುಂದೆ ಓಡಾಡಿಕೊಂಡು ಅದನ್ನು ನಡೆಸಲು ಕಲಿತವರು. ಓದಿದ ಹುಡುಗಿ ಬಂದಳು, ಇನ್ನು ನಿನ್ನ ಜಾಗ ಹೋಯಿತು ಅಂತ ಕಾಂಪೌಂಡರ್ ನಿಮ್ಮನ್ನು ಹೆದರಿಸಿದ್ದನಂತೆ. ನೀವು ಮಾತ್ರ ನನ್ನ ಟಿಫನ್ ಡಬ್ಬಿ ಇಡಲು ಗೂಡು ತೋರಿಸಿದಿರಿ. ಕೆಂಪು ದೀಪಕ್ಕೆ ಕಣ್ಣು ಒಗ್ಗುವ ತನಕ ಕತ್ತಲಲ್ಲಿ ಸುಮ್ಮನೆ ನಿಲ್ಲಬೇಕು, ಗಡಿಬಿಡಿ ಮಾಡಿದರೆ ಫಿಲಂ ಕೈಜಾರುತ್ತದೆ ಅಂತ ಹೇಳಿಕೊಟ್ಟಿರಿ. ಆ ಮಾತು ನನ್ನ ಯಾವ ಪುಸ್ತಕದಲ್ಲೂ ಇರಲಿಲ್ಲ.

ಕಾರ್ಖಾನೆಯಲ್ಲಿ ತಗಡು ಒತ್ತುವ ಪ್ರೆಸ್ಸಿಗೆ ಕೈ ಕೊಟ್ಟು ಬರುತ್ತಿದ್ದ ಹುಡುಗರು ನಿಮಗೆ ನೆನಪಿದ್ದಾರಾ? ಎಣ್ಣೆ ಬಟ್ಟೆಯಲ್ಲಿ ಸುತ್ತಿದ ಕೈ ಹಿಡಿದುಕೊಂಡು, ಮುಖ ಬಿಳಿಚಿಕೊಂಡು ಕಾರ್ಖಾನೆಯ ಟೆಂಪೋದಿಂದ ಇಳಿಯುತ್ತಿದ್ದರು. ನೀವು ಅವರ ಊರು ಕೇಳುತ್ತಿದ್ದಿರಿ, ಹೆಂಡತಿ ಹೆಸರು ಕೇಳುತ್ತಿದ್ದಿರಿ, ಆ ಮಾತಿನ ನಡುವೆಯೇ ಕೈಯನ್ನು ಫಿಲಂ ಇಟ್ಟ ಕ್ಯಾಸೆಟ್ಟಿನ ಮೇಲೆ ಹೂವಿನ ಹಾಗೆ ಹರಡಿಬಿಡುತ್ತಿದ್ದಿರಿ. ಎದೆಯ ಎಕ್ಸ್‌ರೇ ಆದರೆ ನಿಮ್ಮ ದನಿ ತುಮಕೂರು ರಸ್ತೆಯ ಲಾರಿಗಳ ಸದ್ದನ್ನೂ ದಾಟಿ ಕೇಳುತ್ತಿತ್ತು. “ಉಸ್ರು ಎಳ್ಕಳಿ... ಇಡ್ಕಳಿ... ಅಲ್ಲಾಡ್ಬ್ಯಾಡಿ... ಊಂ, ಬುಡಿ.” ಹೊರಗೆ ಬೆಂಚಿನ ಮೇಲೆ ಕುಳಿತವರೂ ಅದಕ್ಕೆ ಸರಿಯಾಗಿ ಉಸಿರು ಹಿಡಿದು ಬಿಡುತ್ತಿದ್ದರು. ನಾನು ಡಾರ್ಕ್‌ರೂಮಿನಲ್ಲಿ ಒಬ್ಬಳೇ ನಗುತ್ತಿದ್ದೆ.

ಆದರೆ ಮಕ್ಕಳು ಬಂದಾಗ... ಮೊದಲ ಸಲ ನೋಡಿದ್ದನ್ನು ಹೇಳುತ್ತೇನೆ. ಎರಡು ವರ್ಷದ ಮಗುವೊಂದು ಟೇಬಲ್ ಮೇಲೆ ಮೀನಿನಂತೆ ಒದ್ದಾಡುತ್ತಿತ್ತು. ನೀವು ಅದರ ಎರಡೂ ತೋಳುಗಳನ್ನು ತಲೆಯ ಪಕ್ಕ ಒತ್ತಿ ಹಿಡಿದು, ಮುಖಕ್ಕೆ ಮುಖ ತಂದು, ಗುಬ್ಬಿಯ ಸದ್ದು ಮಾಡುತ್ತಾ, ಒತ್ತಮ್ಮ ಅಂದಿರಿ. ನಿಮ್ಮ ಬೆರಳುಗಳು ಕಿರಣ ಬೀಳುವ ಜಾಗದಲ್ಲೇ ಇದ್ದವು. ಕಿರಣ ತಡೆಯುವ ಸೀಸದ ಏಪ್ರನ್ ಮೂಲೆಯ ಮೊಳೆಯಲ್ಲಿ ನೇತಾಡುತ್ತಿತ್ತು. ಸೀಸದ ತಗಡು ಹೊಡೆದ ಮರದ ಮರೆಯ ಹಿಂದೆ ನಿಂತವಳು ನಾನೊಬ್ಬಳೇ. ಗುಂಡಿ ನನ್ನ ಕೈಯಲ್ಲಿತ್ತು.

ಆವತ್ತು ಮಧ್ಯಾಹ್ನ ಊಟಕ್ಕೆ ಕುಳಿತಾಗ ನಿಮಗೆ ಎಲ್ಲವನ್ನೂ ಹೇಳಿದೆ. ಕಣ್ಣಿಗೆ ಕಾಣುವುದಿಲ್ಲ, ನೋವಾಗುವುದಿಲ್ಲ, ಆದರೆ ದಿನಾ ಬಿದ್ದದ್ದು ಮೈಯಲ್ಲಿ ಉಳಿಯುತ್ತದೆ ಅಂದೆ. ಮಗುವಿಗೆ ಒಂದೇ ಸಲ, ನಮಗೆ ದಿನಾ ಅಂದೆ. ನೀವು ಮುದ್ದೆ ಮುರಿಯುತ್ತಾ ಮರ್ಯಾದೆಯಿಂದಲೇ ಕೇಳಿಸಿಕೊಂಡಿರಿ. ನಿನ್ನ ಪುಸ್ತಕದಲ್ಲಿ ಹಾಗೆ ಬರೆದಿದ್ದಾರಾ ಅಂತಲೂ ಕೇಳಿದಿರಿ. ಆಮೇಲೆ ನೀವು ಹೇಳಿದ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ.

“ಅಲ್ಲ ಕಣಮ್ಮ, ನಂಬ್ಕಂಡ್ ಬಂದೋರ್ನ ಒಳ್ಗೆ ಮನಗ್ಸಿ, ನಾವು ಓಡೋಗಿ ಅವುಸ್ಕಂಡ್ರೆ ಅವ್ರು ಏನನ್ಕಂತಾರೆ? ನಾನೂ ಇಲ್ಲೇ ಇವ್ನಲ್ಲ ಅಂದ್ರೆ ತಾನೇ ಅವ್ರಿಗೆ ಧೈರ್ಯ?”

ನಿಮ್ಮ ಲೆಕ್ಕದಲ್ಲಿ ಆ ಕೋಣೆ ನಿಮ್ಮ ಮನೆ, ರೋಗಿ ಮನೆಗೆ ಬಂದವರು. ಬಂದವರನ್ನು ಒಳಗೆ ಬಿಟ್ಟು ಯಜಮಾನ ಬಾಗಿಲಾಚೆ ನಿಲ್ಲುವುದುಂಟೇ? ಇದನ್ನು ನಾನು ಯಾವ ಪುಸ್ತಕ ತೆರೆದು ತಪ್ಪು ಅಂತ ತೋರಿಸಲಿ? ಏಪ್ರನ್ನನ್ನಾದರೂ ಹಾಕಿಕೊಳ್ಳಿ ಅಂದರೆ, ಅದನ್ನು ಕಂಡರೆ ಮಕ್ಕಳು ಹೆದರುತ್ತವೆ, ಕಟುಕನ ಹಾಗೆ ಕಾಣುತ್ತೇನೆ ಅಂತ ನಕ್ಕುಬಿಟ್ಟಿರಿ. ಅಣ್ಣ, ಮರ್ಯಾದೆ ಒಬ್ಬ ಮನುಷ್ಯನನ್ನು ತಿಂದುಹಾಕಬಹುದು ಅಂತ ನನಗೆ ಆಗ ಗೊತ್ತಿರಲಿಲ್ಲ.

ಒಂದು ದಿನ ನಾನು ಗುಂಡಿ ಒತ್ತಲಿಲ್ಲ. ಅದು ನಿಮಗೂ ನೆನಪಿರಬೇಕು. ಮಗು ಕಿರುಚುತ್ತಿತ್ತು, ನೀವು ಹಿಡಿದುಕೊಂಡಿದ್ದಿರಿ, ಒತ್ತು ಅಂದಿರಿ. ನೀವು ಕೈ ತೆಗೆಯುವವರೆಗೆ ಒತ್ತುವುದಿಲ್ಲ ಅಂದೆ. ನನ್ನ ಮೇಲೆ ನೀವು ಗದರಿದ್ದು ಅದೊಂದೇ ಸಲ. ಆಯಾಳನ್ನು ಕೂಗಿ ಕರೆದು ಅವಳ ಕೈಯಲ್ಲಿ ಒತ್ತಿಸಿದಿರಿ. ಸಂಜೆ ಬಸ್‌ಸ್ಟಾಪಿನ ತನಕ ಹಿಂದೆಯೇ ಬಂದು, ಕಾಗದದ ಪೊಟ್ಟಣದಲ್ಲಿ ಬಿಸಿ ಕಡಲೆಕಾಯಿ ಕೊಟ್ಟು, ಮುನಿಸಿಕೊಳ್ಳಬೇಡ ತಾಯಿ ಅಂದಿರಿ. ನಾನು ಇಸಿದುಕೊಂಡೆ. ಮುನಿಸು ಹೋಗಿರಲಿಲ್ಲ, ಕಡಲೆಕಾಯಿಯನ್ನು ಮಾತ್ರ ತಿಂದೆ.

ನಿಮ್ಮ ಉಗುರಿನ ಮೇಲೆ ಗೆರೆ ಮೂಡಿದ್ದನ್ನು ಮೊದಲು ನೋಡಿದವಳು ನಾನೇ. ಬೆರಳ ತುದಿಯ ಚರ್ಮ ನುಣ್ಣಗೆ ಹೊಳೆಯತೊಡಗಿತ್ತು, ಆಮೇಲೆ ಸೀಳಿತು. ಹೈಪೋ ನೀರಿಗೆ ಹಾಗಾಗುತ್ತದೆ ಅಂತ ನೀವು ಹರಳೆಣ್ಣೆ ಹಚ್ಚಿಕೊಂಡಿರಿ. ಫಿಲಂ ತೊಳೆಯುವ ನೀರು ನನ್ನ ಕೈಗೂ ತಾಗುತ್ತಿತ್ತಲ್ಲ, ನನಗೇಕೆ ಆಗಲಿಲ್ಲ ಅಂತ ಕೇಳಿದೆ. ಡಾಕ್ಟರು ಕೆಮಿಕಲ್ ಅಲರ್ಜಿ ಅಂತ ಮುಲಾಮು ಬರೆದುಕೊಟ್ಟರು. ಉಂಗುರದ ಬೆರಳಿನ ಗಾಯ ಬೇಸಿಗೆ ಕಳೆದರೂ ಒಣಗಲಿಲ್ಲ, ಮಳೆ ಬಂದರೂ ಒಣಗಲಿಲ್ಲ. ಕಂಕುಳಲ್ಲಿ ಗಂಟು ಸಿಕ್ಕಿದ ಮೇಲೆಯೇ ನಿಮ್ಮನ್ನು ದೊಡ್ಡಾಸ್ಪತ್ರೆಗೆ ಕಳಿಸಿದ್ದು. ಅಲ್ಲಿನವರು ನಿಮ್ಮ ಕೆಲಸ ಏನು ಅಂತ ಕೇಳಿ, ತಿಳಿದ ಮೇಲೆ ಮುಖ ಮುಖ ನೋಡಿಕೊಂಡರಂತೆ. ಬೆರಳು ತೆಗೆದರು, ಆಮೇಲೆ ಬಲಗೈಯನ್ನೇ ತೆಗೆದರು, ಆದರೂ ಕ್ಯಾನ್ಸರ್ ನಿಲ್ಲಲಿಲ್ಲ. ಪೀಣ್ಯದ ಪ್ರೆಸ್ಸಿನಲ್ಲಿ ಬೆರಳು ಕಳೆದುಕೊಂಡವನಿಗೆ ಪರಿಹಾರದ ಕಾನೂನು ಇದೆ, ಯೂನಿಯನ್ ಇದೆ, ಗೇಟಿನ ಮುಂದೆ ಕೂಗುವ ಜನ ಇದ್ದಾರೆ. ನಿಮಗಾಗಿ ಯಾರು ಕೂಗಿದರು?

ನಿಮ್ಮ ತಿಥಿ ಮುಗಿದ ಮೇಲೆ ಕ್ಲಿನಿಕ್ಕಿನಲ್ಲಿ ಸಭೆ ಮಾಡಿದರು. ಡಾಕ್ಟರು ನಿಜವಾಗಿಯೂ ಅತ್ತರು, ಆ ಅಳು ಸುಳ್ಳಲ್ಲ. ಹೊತ್ತು ಗೊತ್ತು ನೋಡದೆ ಕಾರ್ಮಿಕರಿಗೆ ಬಾಗಿಲು ತೆರೆಯುವ ಮನುಷ್ಯ ಅವರು, ಅದನ್ನು ನಾನು ಯಾವತ್ತೂ ಅಲ್ಲಗಳೆಯುವುದಿಲ್ಲ. ಆದರೆ ಅವರು ಹೇಳಿದ್ದು ಏನು ಗೊತ್ತಾ? ಮುನಿಯಪ್ಪ ಒಂದು ದಿನವೂ ಆಗುವುದಿಲ್ಲ ಅನ್ನಲಿಲ್ಲ, ಅಂಥವರು ಇನ್ನು ಹುಟ್ಟುವುದಿಲ್ಲ ಅಂದರು. ಎಲ್ಲರೂ ತಲೆಯಾಡಿಸಿದರು. ನಿಮ್ಮ ಫೋಟೋಗೆ ಗಂಧದ ಹಾರ ಹಾಕಿ ಎಕ್ಸ್‌ರೇ ಕೋಣೆಯ ಬಾಗಿಲ ಮೇಲೆಯೇ ತೂಗುಹಾಕಿದರು. ನಾನು ಹಲ್ಲು ಕಚ್ಚಿಕೊಂಡು ನಿಂತಿದ್ದೆ.

ಸಭೆಯಾದ ಮಾರನೆಯ ದಿನವೇ ಕೆಮ್ಮುವ ಮಗುವೊಂದು ಬಂತು. ಡಾಕ್ಟರು ಚೀಟಿ ಬರೆದು, ಆಯಾ ಗುಂಡಿ ಒತ್ತುತ್ತಾಳೆ, ಮಗುವನ್ನು ನೀನು ಹಿಡಿದುಕೋ ಅಂದರು. ಹಿಡಿಯುವುದಿಲ್ಲ ಅಂದೆ. ಮಗುವಿನ ತಂದೆ ಏಪ್ರನ್ ಹಾಕಿಕೊಂಡು ಹಿಡಿಯಲಿ, ಅವನಿಗೆ ಇದು ಒಂದು ಸಲ, ನನಗೆ ದಿನಾ ಅಂದೆ. ಡಾಕ್ಟರು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. ಆಮೇಲೆ ದನಿ ತಗ್ಗಿಸಿ, ತಂದೆಯ ಹಾಗೆ ಕೇಳಿದರು.

“ಏನಮ್ಮ, ಏನಾದ್ರೂ ವಿಶೇಷ ಇದೆಯಾ?”

ಹೌದು ಅಂದಿದ್ದರೆ ಮುಗಿದುಹೋಗುತ್ತಿತ್ತು. ಒಂಬತ್ತು ತಿಂಗಳು ಯಾರೂ ನನ್ನ ತಂಟೆಗೆ ಬರುತ್ತಿರಲಿಲ್ಲ, ಸಿಹಿ ಹಂಚು ಅನ್ನುತ್ತಿದ್ದರು. ಮದುವೆಯಾಗಿ ಎರಡು ವರ್ಷವಾಗಿತ್ತು, ಯಾರೂ ಅನುಮಾನ ಪಡುತ್ತಿರಲಿಲ್ಲ. ಆದರೆ ಬಸುರಿಯಾದರೆ ಮಾತ್ರ ಹೆಂಗಸಿಗೆ ತನ್ನ ಮೈಯನ್ನು ಕಾಪಾಡಿಕೊಳ್ಳುವ ಹಕ್ಕು ಬರುತ್ತದಾ? ಸುಮ್ಮನೆ ನಾನು ನಾನಾಗಿದ್ದರೆ ಸಾಲದಾ?

“ವಿಶೇಷ ಏನಿಲ್ಲ ಸಾರ್. ಆದ್ರೂ ಹಿಡ್ಕೊಳ್ಳಲ್ಲ” ಅಂದೆ.

ಅವರ ಮುಖ ಗಂಟಿಕ್ಕಿತು. ಈ ಹೊತ್ತಿಗೆ ಮಗುವಿನ ತಂದೆಯೇ ಹಿಡಿದುಕೊಳ್ಳಲಿ, ಆದರೆ ಹೀಗೇ ಹಟ ಮಾಡುವುದಾದರೆ ಬೇರೆಯವರನ್ನು ನೋಡಿಕೊಳ್ಳಬೇಕಾಗುತ್ತದೆ ಅಂತ ಕಡ್ಡಿ ಮುರಿದಂತೆ ಹೇಳಿದರು. ಆವತ್ತಿನಿಂದ ಪ್ರತಿದಿನವೂ ಅದೇ ಪಾಡು. ಕೆಲಸ ಇವತ್ತು ಹೋಗುತ್ತದೋ ನಾಳೆ ಹೋಗುತ್ತದೋ ಅಂದುಕೊಂಡೇ ಬಸ್ಸು ಹತ್ತುತ್ತಿದ್ದೆ.

ಕ್ಯೂನಲ್ಲಿ ನಿಂತ ಜನ ಡಾಕ್ಟರಿಗಿಂತ ಒಂದು ಕೈ ಮೇಲೆ. ಆ ಅಣ್ಣ ಪಕ್ಕದಲ್ಲೇ ನಿಲ್ಲುತ್ತಿದ್ದ, ಇವಳು ನೋಡಿ ಹೇಗೆ ಓಡಿಹೋಗಿ ಅಡಗಿಕೊಳ್ಳುತ್ತಾಳೆ ಅಂತ ನನಗೆ ಕೇಳಿಸುವ ಹಾಗೇ ಆಡಿಕೊಂಡರು. ಓದಿದ ಸೊಕ್ಕು ಅಂದರು. ಆಡುವಾಗ ಕಣ್ಣನ್ನು ಬಾಗಿಲ ಮೇಲಿನ ನಿಮ್ಮ ಫೋಟೋ ಕಡೆ ಎತ್ತುತ್ತಿದ್ದರು. ಮನೆಯಲ್ಲಿ ಇವರು, ಅಷ್ಟು ಕಷ್ಟವಾದರೆ ಬಿಟ್ಟುಬಿಡು, ಆ ಕೋಣೆಯ ಸಹವಾಸವೇ ಬೇಡ ಅಂದರು. ಅಮ್ಮನೂ ಅದೇ ರಾಗ. ಬಿಡುವುದಿಲ್ಲ ಅಂದೆ. ಕೈಯನ್ನೂ ಬಿಟ್ಟುಕೊಡುವುದಿಲ್ಲ, ಕೆಲಸವನ್ನೂ ಬಿಟ್ಟುಕೊಡುವುದಿಲ್ಲ. ಎರಡರಲ್ಲಿ ಒಂದನ್ನು ಆರಿಸಿಕೋ ಅನ್ನಲು ಇವರೆಲ್ಲ ಯಾರು? ಆ ದಿನಗಳಲ್ಲಿ ಫಿಲಂ ತೊಳೆಯುತ್ತಾ ಕತ್ತಲಲ್ಲಿ ನಿಮ್ಮನ್ನು ಎಷ್ಟು ಬೈದಿದ್ದೇನೋ ನನಗೇ ಗೊತ್ತಿಲ್ಲ. ನೀವು ಒಂದೇ ಒಂದು ಸಲ ಆಗುವುದಿಲ್ಲ ಅಂದಿದ್ದರೆ, ನಾನು ಇಷ್ಟು ಸಲ ಅನ್ನಬೇಕಾಗಿತ್ತಾ ಅಣ್ಣ?

ಒಂದು ಸೋಮವಾರ ಕ್ಯೂ ರಸ್ತೆಯ ತನಕ ಬೆಳೆದಿತ್ತು. ನಡುವೆ ಪಿಳ್ಳಮ್ಮಕ್ಕ ನಿಂತಿದ್ದರು, ನಿಮ್ಮ ಮನೆಯವರು, ಕಂಕುಳಲ್ಲಿ ನಿಮ್ಮ ಮೊಮ್ಮಗಳನ್ನು ಎತ್ತಿಕೊಂಡು. ಮಗಳು ಬಾಣಂತಿ, ಅಳಿಯ ಶಿಫ್ಟಿಗೆ ಹೋಗಿದ್ದ, ಮಗು ತಿಂಗಳಿಂದ ಕೆಮ್ಮುತ್ತಿತ್ತು. ಬೇರೆಯವರಿಗಾದರೆ ಇಲ್ಲ ಅಂದುಬಿಡಬಹುದು, ನಿಮ್ಮ ಮೊಮ್ಮಗಳನ್ನು ಹಿಡಿಯುವುದಿಲ್ಲ ಅಂತ ಪಿಳ್ಳಮ್ಮಕ್ಕನ ಮುಖ ನೋಡಿಕೊಂಡು ಹೇಗೆ ಹೇಳಲಿ? ಮಗುವನ್ನು ಟೇಬಲ್ ಮೇಲೆ ಮಲಗಿಸಿ, ಅವರು ನನಗೆ ದಾರಿ ಬಿಟ್ಟು ಹಿಂದಕ್ಕೆ ಸರಿದರು. ನಾನು ಹಿಡಿಯುತ್ತೇನೆ ಅಂತಲೇ ಅವರ ನಂಬಿಕೆ. ಮಗುವಿಗೆ ಥೇಟ್ ನಿಮ್ಮ ಹಣೆ, ನಿಮ್ಮ ಕಿವಿ.

ಹೇಳಿದೆ ಅಣ್ಣ. ಅಕ್ಕ, ನಾನು ಹಿಡಿಯುವುದಿಲ್ಲ, ಈ ಏಪ್ರನ್ ಕಟ್ಟುತ್ತೇನೆ, ನೀವೇ ಹಿಡಿದುಕೊಳ್ಳಿ ಅಂದೆ. ಬಾಗಿಲು ತೆರೆದೇ ಇತ್ತು. ಹೊರಗೆ ಯಾರೋ, ಮುನಿಯಪ್ಪಣ್ಣನ ಮೊಮ್ಮಗಳಿಗೂ ಹೀಗೇನಾ, ಅನ್ನ ತಿನ್ನುವ ಬಾಯಾ ಇದು ಅಂದ. ಗಲಾಟೆಗೆ ಡಾಕ್ಟರು ಎದ್ದು ಬಂದರು. ವಿಷಯ ತಿಳಿದು ಅವರ ಮುಖ ಕೆಂಪಾಯಿತು. ಪಿಳ್ಳಮ್ಮ, ನಿಮ್ಮ ಯಜಮಾನರು ಇದ್ದಿದ್ದರೆ ಇಷ್ಟು ಹೊತ್ತಿಗೆ ಫಿಲಂ ಒಣಗಿರುತ್ತಿತ್ತು, ನನಗೆ ನಾಚಿಕೆಯಾಗುತ್ತಿದೆ ಅಂದರು. ಆ ಮಾತು ನನಗೆ ಅಂತ ಎಲ್ಲರಿಗೂ ಗೊತ್ತಿತ್ತು. ಇವತ್ತಿಗೆ ನನ್ನ ಕೆಲಸ ಮುಗಿಯಿತು ಅಂದುಕೊಂಡೆ.

ಪಿಳ್ಳಮ್ಮಕ್ಕ ಸ್ವಲ್ಪ ಹೊತ್ತು ನನ್ನ ಕೈಗಳನ್ನೇ ನೋಡಿದರು. ಆಮೇಲೆ ಡಾಕ್ಟರ ಕಡೆ ತಿರುಗಿದರು.

“ಸಾಮಿ, ಕೊನೆಕೊನೇಗೆ ಅವ್ರಿಗೆ ನಾನೇ ತುತ್ತು ಮಾಡಿ ಬಾಯ್ಗಿಕ್ತಿದ್ದೆ. ತಿನ್ನೋವಾಗ ನಾಚ್ಕಂಡು ಗ್ವಾಡೆ ಕಡೀಕೆ ತಿರುಕ್ಕಂಬುಡೋರು. ಈ ಶಾರ್ದಂಗೆ ಆ ಪಾಡು ಬ್ಯಾಡ. ಕಟ್ಟಮ್ಮ ಅದುನ್ನ, ನಾನೇ ಇಡ್ಕಂತೀನಿ.”

ಅಣ್ಣ, ನೀವು ಗೋಡೆ ಕಡೆ ತಿರುಗಿಕೊಂಡು ಉಂಡದ್ದು ನನಗೆ ಗೊತ್ತಿರಲಿಲ್ಲ. ಅಷ್ಟು ಸಲ ನೋಡಲು ಬಂದಿದ್ದೆ, ಒಂದು ಸಲವೂ ನೀವು ನನ್ನೆದುರು ಊಟಕ್ಕೆ ಕೂರಲಿಲ್ಲ. ಹಸಿವಿಲ್ಲ ಅನ್ನುತ್ತಿದ್ದಿರಿ. ಏಪ್ರನ್ನಿನ ದಾರ ಕಟ್ಟುವಾಗ ನನಗೆ ಗಂಟು ಕಾಣುತ್ತಿರಲಿಲ್ಲ, ಕಣ್ಣು ಅಷ್ಟು ತುಂಬಿತ್ತು. ಮಗುವಿನ ತೋಳನ್ನು ಎಲ್ಲಿ ಹಿಡಿದರೆ ಕಿರಣ ಬೀಳುವ ಜಾಗಕ್ಕೆ ಕೈ ಬರುವುದಿಲ್ಲ ಅಂತ ಅಕ್ಕನಿಗೆ ತೋರಿಸಿದೆ. ಮರೆಯ ಹಿಂದೆ ಹೋಗಿ ಒತ್ತಿದೆ. ಡಾಕ್ಟರು ಯಾವಾಗ ತಮ್ಮ ಕೋಣೆಗೆ ಹೋದರೋ ನೋಡಲಿಲ್ಲ. ಮಗುವಿನ ಎದೆಯಲ್ಲಿ ಸಣ್ಣದೊಂದು ನೆರಳಿತ್ತು, ಔಷಧಿಗೆ ವಾಸಿಯಾಗುವಂಥದ್ದು. ಈಗ ಮೈ ತುಂಬಿಕೊಂಡಿದೆ, ಓಡಾಡುತ್ತದೆ, ಪಿಳ್ಳಮ್ಮಕ್ಕನಿಗೆ ಹಿಡಿಯಲು ಆಗುವುದಿಲ್ಲವಂತೆ.

ಆವತ್ತು ಸಂಜೆ ಸ್ಟೂಲ್ ಹಾಕಿಕೊಂಡು ನಿಮ್ಮ ಫೋಟೋವನ್ನು ಆ ಬಾಗಿಲ ಮೇಲಿಂದ ಇಳಿಸಿದೆ. ಔಷಧಿ ಕೊಡುವ ಕಿಟಕಿಯ ಪಕ್ಕ ಹಾಕಿದ್ದೇನೆ, ಅಲ್ಲಿ ಗಾಳಿ ಬೆಳಕು ಚೆನ್ನಾಗಿದೆ. ಇನ್ನು ನಿಮ್ಮನ್ನು ತೋರಿಸಿ ಯಾರೂ ಯಾರನ್ನೂ ಆ ಕೋಣೆಯೊಳಕ್ಕೆ ತಳ್ಳುವ ಹಾಗಿಲ್ಲ. ಯಾರು ತೆಗೆದದ್ದು ಅಂತ ಕಾಂಪೌಂಡರ್ ಕೇಳಿದ, ನಾನೇ ಅಂದೆ. ಡಾಕ್ಟರು ನೋಡಿಯೂ ನೋಡದ ಹಾಗೆ ಹೋದರು. ಕೆಲಸದಿಂದ ತೆಗೆಯುವ ಮಾತನ್ನು ಮತ್ತೆ ಎತ್ತಲಿಲ್ಲ, ನನ್ನ ಜೊತೆ ಮಾತನ್ನೂ ಆಡಲಿಲ್ಲ. ಸೀಸದ ಕೈಗವಸು ಬೇಕು ಅಂತ ವಾರವಾರವೂ ಆಯಾಳ ಕೈಯಲ್ಲಿ ಹೇಳಿ ಕಳಿಸಿದೆ. ಕಡೆಗೆ ಒಂದು ದಿನ ಅದು ಟೇಬಲ್ ಮೇಲೆ ಬಂದು ಕುಳಿತಿತ್ತು. ಕೊಟ್ಟರು ಅಂತ ಹೊಗಳುವುದಿಲ್ಲ, ನಾನು ಬೆನ್ನು ಬಿಡಲಿಲ್ಲ, ಅದಕ್ಕೆ ಬಂತು.

ಈಗ ನೀವು ಕೇಳದ ಸುದ್ದಿ. ಕಳೆದ ವಾರ ಬಿದ್ದು ತೊಡೆ ಊದಿಸಿಕೊಂಡ ಮಗನನ್ನು ತುಂಬು ಬಸುರಿಯೊಬ್ಬಳು ಕರೆತಂದಳು. ಗಂಡ ಊರಲ್ಲಿಲ್ಲ. ಆಯಾ ರಜ, ಕಾಂಪೌಂಡರ್ ಊಟಕ್ಕೆ ಹೋಗಿದ್ದ. ಅವಳನ್ನು ಒಳಗೆ ನಿಲ್ಲಿಸುವ ಮಾತೇ ಇಲ್ಲ. ಡಾಕ್ಟರು ನನ್ನನ್ನು ನೋಡಿದರು. ನಾನೂ ಅವರನ್ನೇ ನೋಡಿದೆ, ಕಣ್ಣು ಇಳಿಸಲಿಲ್ಲ. ಆಮೇಲೆ ಅವರು ಕೈಗಡಿಯಾರ ಬಿಚ್ಚಿ ನನ್ನ ಕೈಗೆ ಕೊಟ್ಟರು. ಏಪ್ರನ್ ಎಲ್ಲಿದೆ ಅಂದರು.

ನಾನೇ ಕಟ್ಟಿದೆ. ಸರಿಯಾಗಿ ಕಟ್ಟಿದೆಯಾ ಅಂತ ಎರಡು ಸಲ ಕೇಳಿದರು. ಕೈಗವಸು ತೊಟ್ಟು ಆ ಹುಡುಗನ ಕಾಲು ಹಿಡಿದು, ಮುಖವನ್ನು ಆಚೆ ತಿರುಗಿಸಿಕೊಂಡು ನಿಂತರು. ಅಲ್ಲಾಡಬೇಡಿ ಸಾರ್ ಅಂತ ಮರೆಯ ಹಿಂದಿನಿಂದ ಹೇಳಿ ಒತ್ತಿದೆ. ಕಣ್ಣಿನ ರೆಪ್ಪೆ ಬಡಿಯುವಷ್ಟರಲ್ಲಿ ಮುಗಿಯಿತು. ಹೊರಗೆ ಬಂದವರು ಕೈಗವಸು ಕಳಚಿ, ಕಿಟಕಿಯ ಬೆಳಕಿಗೆ ಹೋಗಿ, ತಮ್ಮ ಎರಡೂ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. ಹಣೆಯಲ್ಲಿ ಬೆವರಿತ್ತು. ನನ್ನ ಕಡೆ ನೋಡದೆಯೇ ಕೇಳಿದರು.

“ಮುನಿಯಪ್ಪ ಎಷ್ಟು ಮಕ್ಕಳನ್ನ ಹೀಗೆ ಹಿಡ್ಕೊಂಡಿರಬಹುದಮ್ಮ?”

“ನೀವು ಚೀಟಿ ಬರೆದು ಕಳಿಸಿದವರನ್ನೆಲ್ಲ ಹಿಡ್ಕೊಂಡ್ರು ಸಾರ್” ಅಂದೆ.

ನಾನು ಸಮಾಧಾನದ ಮಾತು ಆಡಲಿಲ್ಲ. ಆಡಬೇಕಿತ್ತು ಅಂತ ನಿಮಗೆ ಅನ್ನಿಸುತ್ತದೆ, ನಿಮ್ಮ ಸ್ವಭಾವವೇ ಅದು. ಬೈದುಕೊಳ್ಳಿ. ಡಾಕ್ಟರಿಗಾಗಲಿ, ಕ್ಯೂಗಾಗಲಿ, ನಿಮಗಾಗಲಿ ನಾನು ಇನ್ನು ಹೆದರುವುದಿಲ್ಲ. ನಾಳೆ ಬೆಳಿಗ್ಗೆ ಆ ಕೋಣೆಯ ಬಾಗಿಲು ತೆಗೆಯುವವಳು ನಾನೇ, ಮರೆಯ ಹಿಂದೆ ನಿಲ್ಲುವವಳೂ ನಾನೇ. ನೀವು ಬಂದರೆ, ಎಷ್ಟೇ ಗದರಿದರೂ ಸರಿ, ರಟ್ಟೆ ಹಿಡಿದು ಎಳೆದು ನನ್ನ ಪಕ್ಕದಲ್ಲಿ ನಿಲ್ಲಿಸಿಕೊಳ್ಳುತ್ತೇನೆ.

ನಿಮ್ಮ ಮಾತು ಕೇಳದ
ಶಾರದ